ಕೆಂಚ ಮತ್ತು ಹೆಸರಿಲ್ಲದಾಕಿ

ಒದ್ದೆಯಾದ ಟಗರಿನ ಉಣ್ಣೆಗೆ ಒಂದು ವಾಸನೆ ಇರುತ್ತದೆ. ಅದನ್ನು ಚೆಂದದ ವಾಸನೆ ಎಂದು ನಾನು ಯಾರ ಮುಂದೆಯೂ ಹೇಳಿಲ್ಲ, ಹೇಳಿದರೆ ನಗುತ್ತಾರೆ. ಮಳೆಯಲ್ಲಿ ನೆನೆದ ಕಂಬಳಿ, ನೆನೆಹಾಕಿದ ಹಿಂಡಿ, ಕೋಡಿಗೆ ಸವರಿದ ಎಣ್ಣೆ, ಮೂರೂ ಕೂಡಿದರೆ ಹೆಚ್ಚುಕಡಿಮೆ ಅದೇ ಆಗುತ್ತದೆ. ಕಳೆದ ಮಳೆಗಾಲದಲ್ಲಿ ಗೋಕಾಕದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನ ಆಟೋ ಒಂದು ಟಂಟಂ ಗಾಡಿಯ ಹಿಂದೆ ಸಿಕ್ಕಿಕೊಂಡಿತು. ಟಂಟಂನಲ್ಲಿ ಕೂಗಾಡುವ ಹುಡುಗರ ನಡುವೆ ಒಂದು ಟಗರು ನಿಂತಿತ್ತು. ಕೊರಳಲ್ಲಿ ಗಂಟೆ, ಬೆನ್ನ ತುಂಬ ಗುಲಾಲು. ಮಳೆಗೆ ಗುಲಾಲು ಕರಗಿ ಹೊಟ್ಟೆಯಡಿಯಿಂದ ಕೆಂಪಗೆ ತೊಟ್ಟಿಕ್ಕುತ್ತಿತ್ತು. "ಕಾಳಗಕ್ಕ ಒಯ್ಯಾಕತ್ತಾರ್ರಿ ಮೇಡಮ್ಮಾರ, ಮಸ್ತ್ ಐತಿ ಟಗರ" ಎಂದ ಆಟೋದವ. ಅಷ್ಟರಲ್ಲಿ ಗಾಳಿ ಈ ಕಡೆ ತಿರುಗಿ ಆ ವಾಸನೆ ಆಟೋದೊಳಗೆ ಬಂತು. ನಾನು ಅಲ್ಲೇ ಇಳಿದು, ಅವನು ಕೊಟ್ಟ ಚಿಲ್ಲರೆಯನ್ನೂ ನೋಡದೆ, ಕಾಲೇಜಿನವರೆಗೆ ನೆನೆಯುತ್ತ ನಡೆದೆ. ಪಾಠ ಮಾಡುವಾಗ ಸೀರೆಯ ಸೆರಗಿನಿಂದ ನೀರು ಇಳಿಯುತ್ತಿತ್ತು, ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನಿಮಗೂ ಇಂಥ ಒಂದು ವಾಸನೆ ಇರಬಹುದು, ಇಲ್ಲವೆನ್ನಬೇಡಿ. ಹೊತ್ತಲ್ಲದ ಹೊತ್ತಿನಲ್ಲಿ ಬಂದು, ಇವತ್ತಿನ ಕೆಲಸ ಕೆಡಿಸಿ, ಈಗ ಇಲ್ಲದ ಒಂದು ಮನೆಯ ಬಾಗಿಲಿಗೆ ನಿಮ್ಮನ್ನು ಎಳೆದುಕೊಂಡು ಹೋಗಿ ನಿಲ್ಲಿಸುವಂಥದ್ದು.

ನನ್ನನ್ನು ಎಳೆದುಕೊಂಡು ಹೋಗುವುದು ಕಲ್ಲೋಳಿಯ ನಮ್ಮ ಮನೆಗೆ. ಹೊರಗಿನ ಬಾಗಿಲು ದಾಟಿದರೆ ಮೊದಲು ದನಗಳ ಗ್ವಾದಲಿ, ಆಮೇಲೆ ಮೂರು ಮೆಟ್ಟಿಲು ಏರಿ ಪಡಸಾಲೆ, ಅದರಾಚೆ ಅಡುಗೆಮನೆ, ದೇವರಮನೆ. ಕೊನೆಗೆ ಹಿತ್ತಲು. ಹಿತ್ತಲಲ್ಲಿ ಬೇವಿನ ಮರ, ಬಟ್ಟೆ ಒಗೆಯುವ ಕಲ್ಲು, ಗೋಡೆಯಾಚೆ ಕಣ್ಣು ಹಾಯುವವರೆಗೆ ಕಬ್ಬು. ಮನೆಗೆ ಹಿರಿಯ ನನ್ನ ಮುತ್ಯಾ, ಅಂದರೆ ಅಪ್ಪನ ಅಪ್ಪ. ದಿನವೂ ಲಿಂಗಪೂಜೆಯಾಗದೆ ನೀರು ಮುಟ್ಟುವವನಲ್ಲ, ಕೂತ ಜಾಗದಲ್ಲಿ ಇರುವೆ ಕಂಡರೆ ತಾನೇ ಎದ್ದು ಬೇರೆ ಕಡೆ ಕೂಡುವವ. ಅವನ ಹೆಂಡತಿ, ನನ್ನ ಆಯಿ, ನಾನು ಹುಟ್ಟುವ ಮೊದಲೇ ಹೋಗಿದ್ದಳು. ಅಪ್ಪ, ಅವ್ವ, ಕಾಕಾ, ಕಾಕು, ಕಾಕಾನ ಮಗ ಈರಣ್ಣ, ನಾನು, ನನ್ನ ತಮ್ಮ ಬಸು. ಇಷ್ಟು ಜನಕ್ಕೆ ಆ ಮನೆ ಸಣ್ಣದೆಂದು ಎಂದೂ ಅನ್ನಿಸಲಿಲ್ಲ. ಈಗ ಅದರ ಅರ್ಧವನ್ನು ರಸ್ತೆ ನುಂಗಿದೆ. ಉಳಿದರ್ಧ ಪಾಲಾಗಿ, ಮಾರಾಟವಾಗಿ, ಬೇವಿನ ಮರ ಇದ್ದ ಕಡೆ ಮೊಬೈಲ್ ರಿಪೇರಿ ಮಾಡುವ ಅಂಗಡಿ ಇದೆ. ಒಮ್ಮೆ ಹೋಗಿ ಆ ಅಂಗಡಿಯ ಟೈಲ್ಸಿನ ಮೇಲೆ ನಿಂತು ಬಂದೆ. ಅಂಗಡಿಯವ ಏನು ಬೇಕೆಂದು ಕೇಳಿದ, ಏನೂ ಬೇಡವೆಂದೆ.

ಕೆಂಚನನ್ನು ಮೂಡಲಗಿ ಸಂತೆಯಿಂದ ತಂದವನು ಅಪ್ಪ. ಆಗ ಮೂಡಲಗಿ ಇನ್ನೂ ತಾಲ್ಲೂಕಾಗಿರಲಿಲ್ಲ, ಸಂತೆಗೇ ದೊಡ್ಡ ಹೆಸರು. ಅಪ್ಪನಿಗೆ ಟಗರಿನ ಕಾಳಗದ ಶೋಕಿ ಹತ್ತಿತ್ತು. ಕೆಂಪು ಮಣ್ಣಿನ ಬಣ್ಣದ ಒಂದು ಮರಿಯನ್ನು ಹೆಗಲ ಮೇಲೆ ಹೊತ್ತು ತಂದ. ಮುತ್ಯಾ ಬಾಗಿಲಲ್ಲೇ ನಿಲ್ಲಿಸಿದ. "ಕೊರಳಾಗ ಲಿಂಗಾ ಕಟಗೊಂಡ, ಜೀವಕ್ಕ ಜೀವ ಗುದ್ದಿಸಿ ಚಪ್ಪಾಳಿ ಹೊಡಿತಿ ಏನ? ಮನ್ಯಾಗ ಇರಲಿ, ಕಣಕ್ಕ ಇಳಿಸಿದ್ರ ನಾ ಮನಿ ಬಿಡ್ತೇನಿ" ಎಂದ. ಹಾಗಾಗಿ ಕೆಂಚ ಕಾಳಗ ಕಾಣದ ಕಾಳಗದ ಟಗರಾಗಿ ಬೆಳೆಯಿತು. ಅದರ ಕೋಡುಗಳು ಎರಡು ಸುತ್ತು ಬಂದು ಕೆನ್ನೆಗೆ ತಾಗುತ್ತಿದ್ದವು, ಎದೆ ಬಾಗಿಲಿನಷ್ಟು ಅಗಲ. ಆದರೆ ಮಾಡುತ್ತಿದ್ದ ಕೆಲಸವೆಂದರೆ ಮುತ್ಯಾ ಊಟಕ್ಕೆ ಕೂತಾಗ ಬಾಜೂಕ್ಕೆ ನಿಂತು ರೊಟ್ಟಿಯ ಮೊದಲ ತುಂಡು ತಿನ್ನುವುದು, ಬಸುವಿನ ಅಂಗಿಯ ಗುಂಡಿ ಕೀಳುವುದು. ಅಪ್ಪ ಅದನ್ನು ನೋಡಿದಾಗಲೆಲ್ಲ ಗಂಡುಮಗನನ್ನು ಮಠಕ್ಕೆ ಬಿಟ್ಟವನ ಮುಖ ಮಾಡುತ್ತಿದ್ದ.

ಆ ವರ್ಷ ನಾನು ಏಳನೇ ಇಯತ್ತೆ. ಶಾಂತಾ ಅತ್ತೆ, ಅಪ್ಪನ ಒಬ್ಬಳೇ ತಂಗಿ, ಪಂಚಮಿಗೆ ತವರಿಗೆ ಬಂದಳು. ಪಂಚಮಿಗೆ ಹೆಣ್ಣುಮಕ್ಕಳು ಬರುವುದು, ಉಂಡಿ ತಿಂದು ಜೋಕಾಲಿ ಆಡಿ ಹೋಗುವುದು ನಮ್ಮಲ್ಲಿ ಹೊಸದಲ್ಲ. ಆ ಸಲ ಅತ್ತೆ ಜೋಕಾಲಿ ಹತ್ತಲಿಲ್ಲ. ಬಲಗೈ ಮಣಿಕಟ್ಟಿನ ಹತ್ತಿರ ಮುರಿದು ಸೊಟ್ಟ ಕೂಡಿತ್ತು, ಹಗ್ಗ ಹಿಡಿಯಲು ಬರುತ್ತಿರಲಿಲ್ಲ. ಎಡಗಿವಿಯ ಹಾಲೆ ಹರಿದಿತ್ತು. ಕಿವಿಯೋಲೆಯನ್ನು ತಿರುಪು ಬಿಚ್ಚದೆ ಎಳೆದರೆ ಹಾಗೆ ಹರಿಯುತ್ತದೆ. ಬೆನ್ನು ನೋಡಿದವಳು ಅವ್ವ ಒಬ್ಬಳೇ, ನೋಡಿ ಬಂದು ಒಲೆಯ ಮುಂದೆ ಕೂತು ಹೊಗೆಯಿಲ್ಲದ ಒಲೆಯನ್ನು ಊದುತ್ತಲೇ ಇದ್ದಳು. ಅತ್ತೆಯ ಗಂಡನದು ಹುಕ್ಕೇರಿ. ಬೀಜದ ಅಂಗಡಿ, ಬಿಳಿ ಅಂಗಿ, ನಾಲ್ಕು ಜನರೆದುರು ಬಲು ಮೆದು ಮಾತು. ಅವನನ್ನು ನಾನು ಮಾವ ಎಂದು ಕರೆಯಬೇಕಿತ್ತು. ಅಂದಿನಿಂದ ಇಂದಿನವರೆಗೆ ಹುಕ್ಕೇರಿಯವ ಎಂದೇ ಕರೆದಿದ್ದೇನೆ, ಇನ್ನು ಮುಂದೆಯೂ ಹಾಗೆಯೇ. ಪಂಚಮಿ ಮುಗಿಯಿತು. ಶ್ರಾವಣ ಆಗಲಿ ಎಂದಳು ಅತ್ತೆ. ಶ್ರಾವಣ ಆದಮೇಲೆ ದಸರಾ ಆಗಲಿ ಎಂದಳು. ಮನೆಯ ಗಂಡಸರು ಹೂಂ ಅನ್ನುತ್ತಿದ್ದರು. ಆದರೆ ಕಳಿಸುವುದಿಲ್ಲ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. ಆಕೆ ಎದ್ದರೂ ಕೂತರೂ ಕಾಯುತ್ತಿದ್ದದ್ದು ಆ ಒಂದು ಮಾತಿಗೆ.

ಅದೇ ಹೊತ್ತಿಗೆ ಈರಣ್ಣ ಗೋಕಾಕದ ಕಾಲೇಜಿನಿಂದ ಒಂದು ಆಟ ತಂದ. ಅವನ ರೂಮಿನಲ್ಲಿ ಬೆಳಗಾವಿಯ ಹುಡುಗನೊಬ್ಬನಿದ್ದನಂತೆ, ಅವನ ಹತ್ತಿರ ಪರದೇಶದ ಆಟವೊಂದರ ಝೆರಾಕ್ಸ್ ಹಾಳೆಗಳಿದ್ದವಂತೆ. ಮಣೆ ಇಲ್ಲ, ಕಾಯಿ ಇಲ್ಲ, ಬಾಯಲ್ಲೇ ಆಡುವ ಆಟ. ಒಬ್ಬ ಕತೆ ನಡೆಸಬೇಕು. ಉಳಿದವರು ಒಬ್ಬೊಬ್ಬ ವೀರನನ್ನು ಕಟ್ಟಿಕೊಂಡು ಆ ಕತೆಯೊಳಗೆ ಹೊಕ್ಕು ಕಾದಬೇಕು. ಏಟು ಬಿತ್ತೋ ತಪ್ಪಿತೋ ದಾಳ ಹೇಳುತ್ತದೆ. ಈರಣ್ಣ ಕಲಿತದ್ದು ಅರ್ಧ, ಉಳಿದರ್ಧ ತಾನೇ ಸೇರಿಸಿದ. ದಾಳಕ್ಕೆ ಬದಲು ಕವಡೆ. ಒಬ್ಬೊಬ್ಬರಿಗೆ ಹನ್ನೆರಡು ಹುಣಸೆಬೀಜ, ಅವೇ ಪ್ರಾಣ, ಅವೇ ಬಲ. ನಮ್ಮ ವೀರರು ಒಂಟಿಯಾಗಿ ಹೋಗುವಂತಿಲ್ಲ, ಪ್ರಾಣಿಗಳ ದಂಡು ಕಟ್ಟಿಕೊಂಡೇ ಹೋಗಬೇಕು. ಆ ಹನ್ನೆರಡನ್ನು ತನಗೆಷ್ಟು, ತನ್ನ ಪ್ರಾಣಿಗಳಿಗೆಷ್ಟು ಎಂದು ಮೊದಲೇ ಹಂಚಿಕೊಳ್ಳಬೇಕು. ಪ್ರಾಣಿಯೂ ಹುಲಿ ಸಿಂಹ ಅಲ್ಲ, ನಮ್ಮ ಮನೆಯಲ್ಲಿ ಇರುವಂಥದ್ದೇ ಆಗಬೇಕು. ಅದಕ್ಕೆ ಕಲಿಸಿದ ಸನ್ನೆಯನ್ನು ಹಿತ್ತಲಿನಲ್ಲಿ ಖರೆಖರೆ ಪ್ರಾಣಿ ಕೇಳಿದರಷ್ಟೇ ಆಟದಲ್ಲಿ ಲೆಕ್ಕ. ಸತ್ತ ಪ್ರಾಣಿ ಸತ್ತಂತೆಯೇ, ಮತ್ತೆ ಏಳುವುದಿಲ್ಲ. ಬಸು ತನಗೆ ಹತ್ತು ಇಟ್ಟುಕೊಂಡು ಎರಡನ್ನು ಎಮ್ಮೆಗೆ ಕೊಟ್ಟ. ಎಮ್ಮೆ ಯಾವ ಸನ್ನೆಗೂ ಕಿವಿಗೊಡದೆ ಪ್ರತಿ ಯುದ್ಧದಲ್ಲೂ ಹೊಂಡದಲ್ಲಿ ಮಲಗಿಬಿಡುತ್ತಿತ್ತು. ನಾನು ಎತ್ತು ಮತ್ತು ಬೆಕ್ಕಿನ ಜೊತೆ ಸುಮಾರಾಗಿ ಕಾದುತ್ತಿದ್ದೆ.

ಆಟ ನಡೆಯುತ್ತಿದ್ದದ್ದು ರವಿವಾರ ಮಧ್ಯಾಹ್ನ, ಬೇವಿನ ಮರದ ಕೆಳಗೆ. ಈರಣ್ಣನ ಬಾಯಿ ಅಂದರೆ ಬಾಯಿ. ಅವನ ಕತೆಯಲ್ಲಿ ತಲೆಗಳು ಕಲ್ಲಂಗಡಿಯ ಹಾಗೆ ಒಡೆಯುತ್ತಿದ್ದವು, ಶತ್ರುವಿನ ಕರುಳು ಮುಳ್ಳುಬೇಲಿಯ ಮೇಲೆ ಒಣಹಾಕಿದಂತೆ ಬೀಳುತ್ತಿತ್ತು, ಕೋಟೆಯ ಗಟಾರದಲ್ಲಿ ಮೊಣಕಾಲವರೆಗೆ ರಕ್ತ. ಅತ್ತೆ ಅಲ್ಲೇ ಆಚೆ ಅಕ್ಕಿ ಆರಿಸುತ್ತ ಕೂತಿರುತ್ತಿದ್ದಳು. ಮಕ್ಕಳ ಕಿವಿಗೆ ಇಂಥದ್ದೆಲ್ಲ ಯಾಕೆ ಎಂದು ಬೈಯುತ್ತಾಳೆಂದು ನಾವು ಹೆದರಿದ್ದೆವು. ಒಂದು ದಿನ ಮೊರ ಕೆಳಗಿಟ್ಟು ಬಂದು ನಮ್ಮ ಜೊತೆ ಕೂತು, "ನನಗೂ ಒಂದ ಕಟ್ಟಿಕೊಡೋ ಈರಣ್ಣಾ" ಎಂದಳು. ಈರಣ್ಣ ನಕ್ಕ, ಆಕೆ ನಗಲಿಲ್ಲ. ಹೆಸರೇನು ಇಡುತ್ತೀ ಎಂದು ಕೇಳಿದ.

"ಹೆಸರ ಬ್ಯಾಡ. ಹೆಸರ ಇತ್ತಂದ್ರ ಯಾರರ ಕರೀತಾರ. ಕರದ್ರ ಎದ್ದ ಹೋಗಬೇಕಾಗ್ತೈತಿ."

ಹಾಗೆ ಆಕೆಯ ವೀರೆ ಹೆಸರಿಲ್ಲದಾಕಿ ಆದಳು. ಅತ್ತೆ ಬೀಜಗಳನ್ನು ಹಂಚತೊಡಗಿದಳು. ನಾಯಿ ಮೋತಿಗೆ ಮೂರು. ಗೋಡೆಯ ಮೇಲೆ ಬಂದು ರೊಟ್ಟಿ ಕೇಳುತ್ತಿದ್ದ ಕುಂಟ ಕಾಗೆಗೆ ಎರಡು. ಕೆಂಚನಿಗೆ ಆರು. ಕೊನೆಗೆ ಉಳಿದ ಒಂದೇ ಒಂದನ್ನು ತನ್ನ ಮುಂದೆ ಇಟ್ಟುಕೊಂಡಳು. ಈರಣ್ಣನಿಗೆ ಪಾಪ ಅನ್ನಿಸಿರಬೇಕು. "ಅತ್ತಿ, ಹಿಂಗ ಹಂಚಿದ್ರ ನೀ ಒಂದ ಏಟಿಗೆ ಸಾಯ್ತಿ ನೋಡ" ಎಂದ. ಅತ್ತೆ ಮರದ ಕೆಳಗೆ ಮೆಲುಕು ಹಾಕುತ್ತ ನಿಂತ ಕೆಂಚನ ಕಡೆ ನೋಡಿ, "ಆ ಒಂದ ಏಟ ನನ್ನ ಮ್ಯಾಲ ಬೀಳಾಕ ಅವು ಬಿಡ್ತಾವೇನ?" ಎಂದಳು. ಅಷ್ಟು ಜನ ತುಂಬಿದ ಮನೆಯಲ್ಲಿ ಆಕೆ ನೆಚ್ಚಿಕೊಂಡದ್ದು ಒಂದು ನಾಯಿ, ಒಂದು ಕಾಗೆ, ಒಂದು ಟಗರನ್ನು. ಅದು ಆಗ ನನಗೆ ತಮಾಷೆ ಎನ್ನಿಸಿತ್ತು.

ಹೆಸರಿಲ್ಲದಾಕಿ ಕಾದಿದಂತೆ ನಮ್ಮಲ್ಲಿ ಯಾರೂ ಕಾದಲಿಲ್ಲ. ನಾವು ಕೋಟೆ ಗೆಲ್ಲಲು, ನಿಧಿ ತರಲು ಹೋಗುತ್ತಿದ್ದೆವು, ಆಕೆ ಹೋಗುತ್ತಿದ್ದದ್ದು ಹೊಡೆಯಲು. ಕಾಗೆಯನ್ನು ಮೊದಲು ಬಿಟ್ಟು ಕಾವಲುಗಾರನ ಕಣ್ಣು ಕುಕ್ಕಿಸುತ್ತಿದ್ದಳು. ಮೋತಿ ಕಾಲಿನ ನರ ಕಚ್ಚಿ ಕೆಡವುತ್ತಿತ್ತು. ಬಿದ್ದವನ ಮೇಲೆ ಕೆಂಚನನ್ನು ಬಿಡುತ್ತಿದ್ದಳು, ಎದೆಗೂಡು ಮುರಿಯುವವರೆಗೆ. ಶರಣು ಬಂದವರನ್ನು ಬಿಡಬೇಕಲ್ಲ ಅತ್ತೀ, ಎಂದು ನಾನು ಒಮ್ಮೆ ಕೇಳಿದೆ. "ಎಲ್ಲಾರೂ ಬಾಗಲಾ ಹಾಕಿದ ಮ್ಯಾಲ ಹೊಡ್ಯಾವ್ರ, ಬಾಗಲಾ ತಗದ ಮ್ಯಾಲ ಶರಣ ಅನ್ನಾವ್ರ" ಎಂದಳು, ಕವಡೆ ಎಸೆದಳು. ದನಿ ಏರಿಸದೆ, ಮಗ್ಗಿ ಹೇಳುವ ಹಾಗೆ ಹೇಳುತ್ತಿದ್ದಳು ಇದನ್ನೆಲ್ಲ. ಆಟ ಮುಗಿದಮೇಲೆ ಮುಖ ತೊಳೆದುಕೊಂಡು ಬಂದು ನನಗೆ ಹೆರಳು ಹಾಕುತ್ತಿದ್ದಳು. ಸೊಟ್ಟ ಕೈಯಿಂದ ಹಾಕಿದ ಹೆರಳು ಒಂದು ಬದಿಗೆ ವಾಲುತ್ತಿತ್ತು. ಅದನ್ನು ನಾನು ಬಿಚ್ಚುತ್ತಿರಲಿಲ್ಲ.

ಕೆಂಚನಿಗೆ ಸನ್ನೆ ಕಲಿಸಲು ಅತ್ತೆ ಆರಿಸಿಕೊಂಡದ್ದು ಸಿಳ್ಳೆಯನ್ನು. ಎರಡು ಬೆರಳು ನಾಲಗೆಯ ಕೆಳಗಿಟ್ಟು ಹೊಡೆಯುವ ಸಿಳ್ಳೆ, ಹೊಲದಲ್ಲಿ ಗಂಡಸರು ಹೊಡೆಯುವಂಥದ್ದು. ಎಂಟು ದಿನ ಗಾಳಿಯನ್ನಷ್ಟೇ ಊದಿದಳು; ಒಂದು ಮುಂಜಾನೆ ಅದು ಬಂತು, ಗೋಡೆಯಾಚೆ ಕಬ್ಬಿನಲ್ಲಿದ್ದ ಹಕ್ಕಿಗಳೆಲ್ಲ ಎದ್ದವು. ಪಡಸಾಲೆಯಿಂದ ಮುತ್ಯಾ, "ಯಾರದು, ಮನ್ಯಾಗ ಹೆಣ್ಣಮಕ್ಕಳ ಸಿಳ್ಳಿ ಹೊಡೀತಾರೇನ?" ಎಂದು ಗದರಿದ. ಹೊರಗೆ ಬಂದು ಮಗಳ ಮುಖ ನೋಡಿದವನು ಏನು ಕಂಡನೋ, ತಿರುಗಿ ಒಳಗೆ ಹೋದ. ಗೋಣಿಚೀಲಕ್ಕೆ ಕಬ್ಬಿನ ರವದಿ, ಅಂದರೆ ಒಣ ಎಲೆ, ತುರುಕಿ ಬೇವಿನ ಕೊಂಬೆಗೆ ತೂಗುಹಾಕಿದ್ದಾಯಿತು. ಅತ್ತೆ ಸಿಳ್ಳೆ ಹೊಡೆಯಬೇಕು, ಈರಣ್ಣ ಕೆಂಚನನ್ನು ಚೀಲದ ಕಡೆ ದೂಡಬೇಕು, ಗುದ್ದಿದರೆ ಅಂಗೈಯಲ್ಲಿ ಬೆಲ್ಲ. ಶಾಂತವಾಗಿ ರೊಟ್ಟಿ ತಿಂದುಕೊಂಡಿದ್ದ ಆ ಪ್ರಾಣಿಯ ಮೈಯೊಳಗೆ ಏನಿತ್ತೆಂದು ನಮಗೆ ಗೊತ್ತಾದದ್ದು ಆಗಲೇ. ಸಿಳ್ಳೆ ಕೇಳಿದೊಡನೆ ಅದರ ಕಣ್ಣು ಬದಲಾಗುತ್ತಿತ್ತು. ಹಿಂದಕ್ಕೆ ಹಿಂದಕ್ಕೆ ಹೋಗಿ, ಗೋಡೆಗೆ ಬೆನ್ನು ತಾಗಿದಮೇಲೆ ತಲೆ ತಗ್ಗಿಸಿ ಓಡಿಬರುತ್ತಿತ್ತು. ಆ ಸದ್ದು ಎದೆಯಲ್ಲಿ ಕೇಳುತ್ತಿತ್ತು. ಚೀಲ ವಾರಕ್ಕೊಮ್ಮೆ ಹರಿಯುತ್ತಿತ್ತು, ಅತ್ತೆ ಹೊಲಿಯುತ್ತಿದ್ದಳು. ಹೊಲಿದು ಸಾಕಾದಾಗ ಅಪ್ಪನ ಹಳೆಯ ಬಿಳಿ ಅಂಗಿಯೊಂದನ್ನು ಚೀಲಕ್ಕೆ ತೊಡಿಸಿದಳು. ಬೇಕೆಂತಲೇ ತೊಡಿಸಿದಳೋ, ಕೈಗೆ ಸಿಕ್ಕಿತೆಂದು ತೊಡಿಸಿದಳೋ ನನಗೆ ಗೊತ್ತಿಲ್ಲ. ಬೇಕೆಂತಲೇ ತೊಡಿಸಿದ್ದರೆ ಒಳ್ಳೆಯದೇ ಆಯಿತು.

ದೀಪಾವಳಿ ಮುಗಿದು ಕಬ್ಬಿನ ಕಟಾವು ಇನ್ನೂ ಶುರುವಾಗದ ದಿನಗಳಲ್ಲಿ ಹುಕ್ಕೇರಿಯವ ಬಂದ. ಜೊತೆಗೆ ಅವನ ಅಣ್ಣ, ಇಬ್ಬರು ಹಿರಿಯರು, ಒಂದು ಬುಟ್ಟಿ ಬಾಳೆಹಣ್ಣು. ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದಾಯಿತು, ಚಹಾ ಹೋಯಿತು, ಅಡಿಕೆ ಎಲೆ ಹೋಯಿತು. ಅಡುಗೆಮನೆಯ ಬಾಗಿಲ ಹಿಂದೆ ನಾನು, ಅವ್ವ, ಕಾಕು ನಿಂತಿದ್ದೆವು. ಹಿರಿಯರು ಹೆಣ್ಣುಮಗಳ ಮನೆ ಹೆಣ್ಣುಮಗಳಿಗೆ ಚೆಂದ ಎಂದರು, ಹುಡುಗನಿಗೂ ಬುದ್ಧಿ ಹೇಳಿದ್ದೇವೆ ಎಂದರು. ಅವನು ತಲೆ ತಗ್ಗಿಸಿ, "ನನ್ನಿಂದ ಏನರ ತಪ್ಪಾಗಿದ್ರ ಸಂಭಾಳಿಸ್ಕೊಳ್ರಿ ಮಾಂವಾರ" ಎಂದ. ಏನಾದರೂ ತಪ್ಪಾಗಿದ್ದರೆ! ಹೋಳಿಗೆಗೆ ಉಪ್ಪು ಹೆಚ್ಚಾಗಿತ್ತು ಅನ್ನುವ ದನಿಯಲ್ಲಿ ಅಂದ. ಅಪ್ಪ ಕಾಕಾ ಒಬ್ಬರ ಮುಖ ಒಬ್ಬರು ನೋಡಿದರು. ಮುತ್ಯಾ, "ಆಕಿನ್ನ ಒಂದ ಮಾತ ಕೇಳೂಣು" ಎಂದ. ಅಷ್ಟು ಅಂದದ್ದೇ ಹಿರಿಯರಿಗೆ ಒಪ್ಪಿಗೆಯಾಗಿ ಕೇಳಿಸಿತು. "ನಾ ಕರಕೊಂಡ ಬರ್ತೇನಿ ತಗೋರಿ" ಎಂದು ಹುಕ್ಕೇರಿಯವ ತಾನೇ ಎದ್ದು, ಅಳಿಯನ ಸಲಿಗೆಯಿಂದ ನಮ್ಮ ನಡುವೆ ಹಾದು ಹಿತ್ತಲಿಗೆ ನಡೆದ.

ನಾನು ಅವನ ಹಿಂದೆಯೇ ಓಡಿದೆ. ಅತ್ತೆ ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದಳು. ಈರಣ್ಣ ಮರದ ಕೆಳಗಿದ್ದ. ಜನರಿಲ್ಲದ ಜಾಗಕ್ಕೆ ಬಂದೊಡನೆ ಹುಕ್ಕೇರಿಯವನ ಮುಖವೇ ಬೇರೆಯಾಯಿತು. ನಾವು ಹುಡುಗರು, ಅವನ ಲೆಕ್ಕಕ್ಕೆ ಜನರಲ್ಲ. "ಏ, ನಡಿ. ನಾಲ್ಕ ಮಂದ್ಯಾಗ ನನ್ನ ಮಾನಾ ಕಳದಿ" ಎಂದ. ಅತ್ತೆ ಬರುವುದಿಲ್ಲ ಎಂದಳು. ನಾನು ಆ ಮೊದಲು ಆಕೆ ಹಾಗೆ ನೇರವಾಗಿ ಅಂದದ್ದನ್ನು ಕೇಳಿರಲಿಲ್ಲ. ಅವನು ಹೆರಳಿಗೆ ಕೈ ಹಾಕಿ, ಆಕೆಯ ತಲೆಯನ್ನು ಕಲ್ಲಿಗೆ ಒಮ್ಮೆ ಬಡಿದ. ಸಪ್ಪಳ ಸಣ್ಣದು, ಹಸಿ ತೆಂಗಿನಕಾಯಿಯನ್ನು ಮೆಲ್ಲಗೆ ಕುಟ್ಟಿದಷ್ಟು. ಮೋತಿ ಹಗ್ಗದ ಮಂಚದ ಕೆಳಗೆ ಹೊಕ್ಕು ಅಲ್ಲಿಂದಲೇ ಬೊಗಳಿತು. ಕಾಗೆ ಹಾರಿಹೋಯಿತು. ಹಣೆಯಿಂದ ಇಳಿದ ರಕ್ತ ಬಾಯಿಗೆ ಬರುತ್ತಿರುವಂತೆಯೇ ಅತ್ತೆ ಎರಡು ಬೆರಳನ್ನು ತುಟಿಗೆ ಒಯ್ದಳು.

ಕೆಂಚ ಮೊದಲ ಗುದ್ದನ್ನು ಅವನ ತೊಡೆಯ ಮೇಲೆ ಕೊಟ್ಟಿತು. ಅವನು ಆಕೆಯನ್ನು ಬಿಟ್ಟು ಮಗ್ಗುಲಾಗಿ ಬಿದ್ದ. ಟಗರಿನ ಯುದ್ಧ ನೋಡಿದವರಿಗೆ ಗೊತ್ತು, ಅದು ಅವಸರ ಮಾಡುವುದಿಲ್ಲ. ಗುದ್ದಿ, ಬಿದ್ದವನನ್ನು ನೋಡುತ್ತ, ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತದೆ. ಆ ಹೊತ್ತಿನಲ್ಲಿ ಏನು ಬರುತ್ತಿದೆ ಎಂದು ಬಿದ್ದವನಿಗೆ ತಿಳಿಯುತ್ತದೆ. ಅವನು ಎರಡೂ ಕೈ ಮುಂದೆ ಮಾಡಿ ಅತ್ತೆಯ ಹೆಸರು ಹಿಡಿದು ಕೂಗಿದ. ಶಾಂತಾ, ಹಿಡಕೋ ಅದನ್ನ, ಶಾಂತಾ! ಆಕೆ ಹಿಡಿಯಲಿಲ್ಲ. ಎರಡನೆಯ ಗುದ್ದಿಗೆ ಪಕ್ಕೆಲುಬು ಹೋದವು. ಮೂರನೆಯದು ಮೊಣಕಾಲಿನ ಕೆಳಗೆ ಬಿದ್ದು, ಎಲುಬು ಚರ್ಮ ಹರಿದು ಬಿಳಿಯಾಗಿ ಹೊರಬಂತು. ಪ್ರತಿ ರವಿವಾರ ಕರುಳು ರಕ್ತ ಎಂದು ಕುಣಿಯುತ್ತಿದ್ದ ಈರಣ್ಣ ಮರಕ್ಕೆ ಕೈಕೊಟ್ಟು ಉಂಡದ್ದನ್ನೆಲ್ಲ ಕಾರಿಕೊಂಡ. ಪಡಸಾಲೆಯ ಗಂಡಸರು ಓಡಿ ಬರುವಷ್ಟರಲ್ಲಿ ಕೆಂಚ ನಾಲ್ಕನೆಯದಕ್ಕೆ ಹಿಂದೆ ಸರಿದಿತ್ತು. ಅಪ್ಪ ಅದರ ಕೋಡಿಗೆ ಜೋತುಬಿದ್ದ, ಕಾಕಾ ಹಿಂಗಾಲು ಹಿಡಿದ, ಇಬ್ಬರನ್ನೂ ಎಳೆದುಕೊಂಡು ಅದು ಎರಡು ಮಾರು ಹೋಯಿತು. ಅತ್ತೆ ಮಾತ್ರ ಅಲುಗಾಡಲಿಲ್ಲ. ಆಕೆಯ ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿರಲಿಲ್ಲ. ಬಹಳ ದಿನದ ಮೇಲೆ ಹೊಟ್ಟೆತುಂಬ ಉಂಡವರ ಮುಖ ಇರುತ್ತದಲ್ಲ, ಹಾಗಿತ್ತು. ಅದನ್ನು ನೋಡಿ ನನಗೆ ಸಂತೋಷವಾಯಿತು. ಹನ್ನೆರಡು ವರ್ಷದ ಹುಡುಗಿಗೆ ಆಗಬಾರದ ಸಂತೋಷ ಎನ್ನುವವರು ಅನ್ನಲಿ.

ಗೋಕಾಕದ ಆಸ್ಪತ್ರೆಯಲ್ಲಿ ಅವನ ಕಾಲಿಗೆ ಉಕ್ಕಿನ ಸಳಿ ಹಾಕಿದರು. ಪೊಲೀಸರ ಹತ್ತಿರ ಅವನ ಮನೆಯವರು ಹೋಗಲಿಲ್ಲ. ಹೆಂಡತಿಯ ಮನೆಯ ಟಗರು ಹೊಡೆಯಿತು ಎಂದು ಯಾವ ಬಾಯಿಂದ ಬರೆಸುವುದು? ಬದಲಿಗೆ ಮತ್ತೆ ಹಿರಿಯರು ಕೂಡಿದರು. ಅದೇ ಪಡಸಾಲೆ, ಅದೇ ಜಮಖಾನೆ, ಈ ಸಲ ಬಾಳೆಹಣ್ಣಿಲ್ಲ. ಅವನ ಅಣ್ಣ ನೇರವಾಗಿ ಮಾತಿಗೆ ಬಂದ. "ನಿಮ್ಮ ಮಗಳ ನಮಗ ಬ್ಯಾಡ್ರಿ, ನೀವ ಇಟಗೋರಿ. ಆದ್ರ ನಮ್ಮ ತಮ್ಮನ ಕಾಲಿಗೆ ಏನರ ನ್ಯಾಯಾ ಆಗಬೇಕಲ್ಲ? ಆ ಟಗರ ಕೊಡ್ರಿ." ಟಗರು ತೆಗೆದುಕೊಂಡು ಏನು ಮಾಡುತ್ತೀರಿ ಎಂದು ಮುತ್ಯಾ ಕೇಳಿದ. "ಅದ ನಮಗ ಬಿಟ್ಟದ್ರಿ" ಎಂದ ಅವನು. ಆಗ ಅತ್ತೆ ಹಣೆಯ ಪಟ್ಟಿಯ ಸಮೇತ ಹೊರಗೆ ಬಂದಳು. ಹಿರಿಯರೆದುರು ಹಾಗೆ ಬರುವ ರೂಢಿ ನಮ್ಮಲ್ಲಿರಲಿಲ್ಲ.

"ಅಪ್ಪಾ, ಅದನ್ನ ಕೊಡಬ್ಯಾಡ. ನಾನ ಹೋಗ್ತೇನಿ. ಹೊಡದದ್ದು ಅದಲ್ಲ, ನಾನು."

ಮುತ್ಯಾನ ಕೈ ಅಂಗಿಯ ಮೇಲಿನಿಂದಲೇ ಕೊರಳ ಲಿಂಗವನ್ನು ಹಿಡಿದಿತ್ತು. ಅವನು ಇಡೀ ಜನ್ಮ ಒಂದು ಇರುವೆಯನ್ನೂ ತುಳಿಯದೆ ಬದುಕಿದ್ದ. ಈಗ ಅವನ ಮುಂದೆ ಎರಡು ಜೀವ, ಒಂದನ್ನು ಕೊಟ್ಟರೆ ಒಂದು ಉಳಿಯುತ್ತದೆ. "ನೀ ಒಳಗ ಹೋಗವ್ವಾ" ಎಂದ. ಆಮೇಲೆ ಬಂದವರ ಮುಖ ನೋಡದೆ, "ಮಗಳನ್ನ ನಾ ಕಳಸೂದಿಲ್ಲ. ಮುಂಜಾನೆ ಗಾಡಿ ತರ್ರಿ" ಎಂದ. ಅತ್ತೆ ಇಷ್ಟು ತಿಂಗಳು ಕಾದಿದ್ದ ಆ ಮಾತು ಕೊನೆಗೂ ಬಂತು, ಬರುವಾಗ ಕೆಂಚನ ಪ್ರಾಣ ಹಿಡಿದುಕೊಂಡೇ ಬಂತು.

ಮುಂಜಾನೆ ಟೆಂಪೋ ಬಂತು. ಬೇರೆಯವರು ಹಗ್ಗ ಹಿಡಿದರೆ ಕೆಂಚ ಹೆಜ್ಜೆ ಎತ್ತಲಿಲ್ಲ, ಕೊನೆಗೆ ಮುತ್ಯಾನೇ ಹಿಡಿದು ನಡೆದ. ಅವನ ಹಿಂದೆ ಅದು ಊಟಕ್ಕೆ ಹೊರಟಷ್ಟು ನಂಬಿಕೆಯಿಂದ ಹೋಯಿತು. ಹಲಗೆ ಏರಿಸಿ, ಕಾಲು ಕಟ್ಟಿ, ಕೊರಳನ್ನು ಟೆಂಪೋದ ಕಂಬಿಗೆ ಬಿಗಿದರು. ಆಗ ಅದು ತಲೆ ತಿರುಗಿಸಿ ಮನೆಯ ಬಾಗಿಲ ಕಡೆ ನೋಡಿತು. ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಅದು ಕಿವಿ ನಿಗುರಿಸಿ ಕಾಯುತ್ತಿತ್ತು. ಒಂದು ಸಿಳ್ಳೆ ಬಂದರೆ ಸಾಕು, ಆ ಹಗ್ಗ, ಆ ಕಂಬಿ, ಆ ಜನ ಯಾವುದೂ ನಿಲ್ಲುತ್ತಿರಲಿಲ್ಲ ಎಂದು ನಾನು ಇವತ್ತಿಗೂ ನಂಬಿದ್ದೇನೆ. ಅತ್ತೆಯ ಕೈ ತುಟಿಯವರೆಗೆ ಹೋಯಿತು. ಆ ಕೈಯನ್ನು ಆಕೆ ಹಾಗೆಯೇ ಬಾಯಿಗೆ ಒತ್ತಿ ಹಿಡಿದುಕೊಂಡಳು. ಟೆಂಪೋ ಧೂಳೆಬ್ಬಿಸಿ ಕಬ್ಬಿನ ತಿರುವು ದಾಟಿತು. ಅಂದಿನಿಂದ ಮುತ್ಯಾ ಒಂದು ರೊಟ್ಟಿಯನ್ನು ಪೂರ್ತಿ ತಿನ್ನಲಿಲ್ಲ. ಮೊದಲ ತುಂಡು ಮುರಿದು ತಾಟಿನ ಬದಿಗೆ ಇಡುತ್ತಿದ್ದ, ಅದು ಅಲ್ಲೇ ಒಣಗುತ್ತಿತ್ತು.

ಆಟ ಇನ್ನೊಂದೇ ರವಿವಾರ ನಡೆಯಿತು. ಈರಣ್ಣ ಸಮಾಧಾನ ಮಾಡಲು, ಆಟದಲ್ಲಿ ಕೆಂಚ ಇನ್ನೂ ಇದ್ದಾನೆ ಅತ್ತೀ, ಆರು ಬೀಜ ಹಾಗೇ ಇವೆ ಎಂದ. ಅತ್ತೆ ಕೆಂಚನ ಆರನ್ನೂ ಮೋತಿಯ ಮೂರನ್ನೂ ಕಾಗೆಯ ಎರಡನ್ನೂ ಎಳೆದು ತನ್ನ ಒಂದರ ಜೊತೆ ಗುಡ್ಡೆ ಹಾಕಿದಳು. "ಇನ್ನ ಎಲ್ಲಾ ನಾನ" ಎಂದಳು. ಅಂದು ಹೆಸರಿಲ್ಲದಾಕಿ ಒಬ್ಬಳೇ ಬರಿಗೈಯಲ್ಲಿ ಕೋಟೆಯೊಳಗೆ ಹೋಗಿ, ಕೋಣೆ ಕೋಣೆಯ ಬಾಗಿಲು ಮುರಿದು, ಒಳಗಿದ್ದವರನ್ನು ಒಬ್ಬರಾದ ಮೇಲೊಬ್ಬರಂತೆ ಕೊಂದಳು. ಕತೆ ನಡೆಸಬೇಕಾದ ಈರಣ್ಣ ಸುಮ್ಮನೆ ಕವಡೆ ಎತ್ತಿ ಎತ್ತಿ ಆಕೆಯ ಕೈಗೆ ಕೊಡುತ್ತಿದ್ದ. ಬಸು ಅಳತೊಡಗಿದ. ಕೋಟೆಯಲ್ಲಿ ಯಾರೂ ಉಳಿಯದಾದಮೇಲೆ ಅತ್ತೆ ಬೀಜಗಳನ್ನು ಉಡಿಯಲ್ಲಿ ಕಟ್ಟಿ, ಎದ್ದುಹೋಗಿ ರಾತ್ರಿಯ ಅಡುಗೆಗೆ ಒಲೆ ಹಚ್ಚಿದಳು.

ಆಮೇಲೆ ಆಕೆ ಬಹಳ ವರ್ಷ ಬಾಳಿದಳು, ತಲೆ ತಗ್ಗಿಸಿ ಅಲ್ಲ. ಮುತ್ಯಾ ಹೋದಮೇಲೆ ನಮ್ಮ ಬೆಲ್ಲದ ಗಾಣವನ್ನು ಆಕೆಯೇ ನೋಡಿಕೊಂಡಳು, ಕೊಪ್ಪರಿಗೆಯ ಪಾಕ ಹದಕ್ಕೆ ಬಂತೋ ಇಲ್ಲವೋ ಎಂದು ಗಂಡಸರು ಆಕೆಯನ್ನು ಕೇಳಲು ಬರುತ್ತಿದ್ದರು. ಜೋರಾಗಿ ನಗುತ್ತಿದ್ದಳು, ಜೋರಾಗಿ ಬೈಯುತ್ತಿದ್ದಳು. ನಾನು ಓದಿ ಗೋಕಾಕದಲ್ಲಿ ಕೆಲಸಕ್ಕೆ ಸೇರಿದ್ದಕ್ಕೆ ಗಾಣದ ಬಿಸಿ ಬೆಲ್ಲ ಕಟ್ಟಿಕೊಟ್ಟವಳು ಆಕೆ. ಕೆಂಚನ ಸುದ್ದಿ ನಮಗೆ ತುಂಡು ತುಂಡಾಗಿ ಬಂದಿತ್ತು. ಹುಕ್ಕೇರಿಯವ ಅದನ್ನು ಕಡಿಯಲಿಲ್ಲ, ಕಾಳಗಕ್ಕೆ ಇಳಿಸಿದ. ಅದು ಊರೂರ ಕಣಗಳಲ್ಲಿ ಗೆದ್ದಿತಂತೆ, ಕುಂಟುತ್ತ ನಡೆಯುವ ಅವನಿಗೆ ಅದರಿಂದ ದೊಡ್ಡ ಹೆಸರೂ ಬಂತಂತೆ. ಕೊನೆಗೆ ಯಾವುದೋ ಕಣದಲ್ಲಿ ಬುರುಡೆ ಒಡೆದು ಸತ್ತಿತಂತೆ. ಸುದ್ದಿ ತಂದವರು ಹೋದಮೇಲೆ ಅತ್ತೆ ಒಲೆಗೆ ಕಟ್ಟಿಗೆ ಒಟ್ಟಿದಳು. ಆಮೇಲೆ ನನಗೊಬ್ಬಳಿಗೇ ಕೇಳುವಂತೆ ಹೇಳಿದಳು: "ಕಣದಾಗ ಮಂದಿ ಸುತ್ತಲೂ ನಿಂತ ಸಿಳ್ಳಿ ಹೊಡೀತಾರಲ್ಲ ಗಂಗೀ. ಎಲ್ಲಾ ನಾನ ಹೊಡ್ಯಾಕತ್ತೇನಿ ಅಂತ ತಿಳಕೊಂಡಿರ್ತೈತಿ ಅದು."

ಈಗ ಅತ್ತೆಯೂ ಇಲ್ಲ. ಆಕೆ ಹೋಗುವುದಕ್ಕೆ ಕೆಲವು ವರ್ಷ ಮೊದಲು ಹುಕ್ಕೇರಿಯವ ಸತ್ತ. ಸುದ್ದಿ ಬಂದಾಗ ಯಾರೂ ಹೋಗುವುದು ಬೇಡ ಎಂದು ಅಪ್ಪ ಅಂದ. ಅತ್ತೆ ಸೀರೆ ಬದಲಿಸಿ ಹೊರಟೇಬಿಟ್ಟಳು, ನಾನು ರಜೆ ಹಾಕಿ ಗೋಕಾಕದಲ್ಲಿ ಬಸ್ಸು ಹತ್ತಿ ಜೊತೆಯಾದೆ. ಅಂಗಳದಲ್ಲಿ ಅವನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆಗೆ ವಿಭೂತಿ, ಕೊರಳಿಗೆ ಹೂವು, ಮೈಮೇಲೆ ಹೊಸ ಬಿಳಿ ಅಂಗಿ. ಹೆಂಗಸರು ಹಾಡಿಕೊಂಡು ಅಳುತ್ತಿದ್ದರು. ಅತ್ತೆಯನ್ನು ನೋಡಿದೊಡನೆ ಅಳು ನಿಂತು ಎಲ್ಲರೂ ಜಾಗ ಬಿಟ್ಟರು. ಆಕೆ ಅವನ ಮುಂದೆ ಕೂತು ಒಣಗಿದ ಕಣ್ಣಿನಿಂದ ಅವನನ್ನು ಒಮ್ಮೆ ನೋಡಿದಳು, ಅಂಗಡಿಯಲ್ಲಿ ಬೇಡವಾದ ಸಾಮಾನು ನೋಡಿದಂತೆ. ಮುದುಕಿಯರು ಪಿಸುಗುಟ್ಟತೊಡಗಿದರು, ಎಂಥ ಕಲ್ಲೆದೆ ನೋಡು ಎಂದು. ಆಮೇಲೆ ಅತ್ತೆ ಎದ್ದು ಮನೆಯ ಬದಿಯಿಂದ ಹಿತ್ತಲಿಗೆ ನಡೆದಳು, ಏನನ್ನೋ ಹುಡುಕುತ್ತ. ನಾನು ಹಿಂದೆ ಹೋದೆ. ದನದ ಕೊಟ್ಟಿಗೆಯ ಬಾಗಿಲ ಮೇಲೆ, ಮೊಳೆ ಹೊಡೆದು, ಎರಡು ಸುತ್ತು ಬಂದ ಕೋಡುಗಳನ್ನು ತೂಗುಹಾಕಿದ್ದರು. ನಡುವೆ ಬುರುಡೆಯ ಒಂದು ಚೂರು ಇನ್ನೂ ಅಂಟಿಕೊಂಡಿತ್ತು, ಅದರಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು.

ಅತ್ತೆ ಕೈ ಎತ್ತಿ ಅದನ್ನು ಮುಟ್ಟಿದಳು. ಆಮೇಲೆ ಆಕೆಯ ಗಂಟಲಿನಿಂದ ಬಂದ ಸ್ವರವನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೆಯೂ ಕೇಳಲಿಲ್ಲ. ಕೊಟ್ಟಿಗೆಯ ಮುಂದೆ ನೆಲಕ್ಕೆ ಕುಸಿದು, ಎದೆ ಬಡಿದುಕೊಂಡು, ಇಷ್ಟು ವರ್ಷದ್ದನ್ನೆಲ್ಲ ಒಂದೇ ಸಲಕ್ಕೆ ಅತ್ತಳು. ಅಂಗಳದ ಹೆಂಗಸರು ಓಡಿಬಂದರು. ಹಿರಿಯಳೊಬ್ಬಳು ಆಕೆಯನ್ನು ತಬ್ಬಿಕೊಂಡು, "ಅಳವ್ವಾ, ಅಳು. ಎಷ್ಟಂದ್ರೂ ತಾಳಿ ಕಟ್ಟಿದಾಂವ, ಕರುಳ ಚುರ್ ಅಂತೈತಿ" ಎಂದು ತಾನೂ ದನಿ ಎತ್ತಿದಳು. ಇನ್ನೊಬ್ಬಳು ಎತ್ತಿದಳು. ಆಮೇಲೆ ಎಲ್ಲರೂ ಅತ್ತೆಯ ಸುತ್ತ ಕೂತು, ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು, ಕಣ್ಣೀರು ಸುರಿಸಿ ಹಾಡತೊಡಗಿದರು. ಅಂಗಳದಲ್ಲಿ ಹೆಣದ ಹತ್ತಿರ ಯಾರೂ ಉಳಿಯಲಿಲ್ಲ. ಆ ಮಧ್ಯಾಹ್ನ ಹುಕ್ಕೇರಿಯ ಆ ಕೇರಿಯ ಹೆಂಗಸರೆಲ್ಲ, ತಮಗೇ ಗೊತ್ತಿಲ್ಲದೆ, ನಮ್ಮ ಕೆಂಚನಿಗಾಗಿ ಅತ್ತರು.